ಇದರಲ್ಲಿ ಹಾಲಿದೆಯಾ, ತಾತ?

ಮಕ್ಕಳೇ, ನಾನು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಸಂಜೆ ಹತ್ತು ಪೈಸೆ ತಾಳೆಯಾಗದಿದ್ದರೂ ನಮ್ಮನ್ನು ಮನೆಗೆ ಬಿಡುತ್ತಿರಲಿಲ್ಲ. ಅಂಥ ನಾನು ಕಳೆದ ದೀಪಾವಳಿಯಲ್ಲಿ ಒಂದು ದೊಡ್ಡ ಲೆಕ್ಕ ತಪ್ಪಿದೆ.

ನನ್ನ ಮೊಮ್ಮಗಳಿಗೆ ಎಂಟು ವರ್ಷ. ಹಾಲು, ಮೊಸರು, ಬೆಣ್ಣೆ, ತುಪ್ಪ ಯಾವುದೂ ಅವಳಿಗೆ ಆಗುವುದಿಲ್ಲ. ನನಗೆ ಅದು ನಂಬಿಕೆಯಾಗಿರಲಿಲ್ಲ. “ನಾವೆಲ್ಲ ಹಾಲು ತುಪ್ಪ ತಿಂದೇ ಬೆಳೆದವರಲ್ಲವೇ, ಒಂದು ಚಮಚಕ್ಕೆ ಏನಾಗುತ್ತೆ?” ಎಂದುಕೊಂಡು, ಅವಳಮ್ಮ ಆಚೆ ಹೋದಾಗ ಒಂದು ಚಮಚ ಶಾವಿಗೆ ಪಾಯಸ ಅವಳ ಬಾಯಿಗಿಟ್ಟೆ. ಹತ್ತು ನಿಮಿಷದಲ್ಲಿ ತುಟಿ ಊದಿತು, ಮೈಮೇಲೆಲ್ಲ ದದ್ದು ಎದ್ದಿತು, ಉಸಿರು ಸುಯ್ಗುಟ್ಟತೊಡಗಿತು. ಆ ರಾತ್ರಿಯನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕಳೆದೆ.

ವೈದ್ಯರು ಸಮಾಧಾನದಿಂದ ಬಿಡಿಸಿ ಹೇಳಿದರು. ಕೆಲವರಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ, ಅವರಿಗೆ ಹೊಟ್ಟೆ ನೋವಷ್ಟೇ. ಇನ್ನು ಕೆಲವರ ದೇಹ ಹಾಲಿನ ಪ್ರೋಟೀನನ್ನೇ ಶತ್ರು ಎಂದು ತಿಳಿದು ಅದರ ಮೇಲೆ ಯುದ್ಧಕ್ಕೆ ನಿಲ್ಲುತ್ತದೆ. ಅದು ಅಲರ್ಜಿ. ಅದಕ್ಕೆ ಒಂದು ಚಮಚವೂ ಸಾಕು.

ಮಗು ಚೇತರಿಸಿಕೊಂಡಳು. ಆದರೆ ಅಂದಿನಿಂದ ನಾನು ಏನು ಕೊಟ್ಟರೂ, “ಇದರಲ್ಲಿ ಹಾಲಿದೆಯಾ, ತಾತ?” ಎಂದು ಕೇಳುತ್ತಾಳೆ. ನಾನು ಇಲ್ಲ ಎಂದರೂ ಅಮ್ಮನ ಮುಖ ನೋಡುತ್ತಾಳೆ. ಗೆಳತಿಯರ ಹುಟ್ಟುಹಬ್ಬಕ್ಕೆ ತನ್ನ ಡಬ್ಬಿ ತಾನೇ ಒಯ್ಯುತ್ತಾಳೆ.

“ಇವಳದು ವೀಗನ್ ಊಟ ಅಂದುಕೊಳ್ಳಿ ಮಾವ, ಸುಲಭವಾಗುತ್ತೆ,” ಎಂದಳು ಸೊಸೆ. ಹಾಲು, ಮೊಟ್ಟೆ, ಮಾಂಸ, ಜೇನು, ಹೀಗೆ ಪ್ರಾಣಿಗಳಿಂದ ಬಂದ ಯಾವುದೂ ಇಲ್ಲದ ಊಟ ಅದು. ಆ ಹೆಸರನ್ನು 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತವರ ಸಂಗಡಿಗರು ಹುಟ್ಟುಹಾಕಿದರಂತೆ. ಹೆಸರು ಹೊಸದಿರಬಹುದು, ಊಟವೂ ಹೊಸದೇ? ನಾನು ಕೆಲಸ ಮಾಡಿದ ಊರುಗಳ ಅಡುಗೆ ನೆನಪಾಯಿತು. ಜನವರಿಯಲ್ಲಿ ಒಂದು ನೋಟ್ ಪುಸ್ತಕ ಹಿಡಿದು ಮೈಸೂರಿನಿಂದ ರೈಲು ಹತ್ತಿದೆ.

ಮೊದಲು ಇಳಿದದ್ದು ಧಾರವಾಡ. ಒಂದು ಖಾನಾವಳಿಯ ಒಳಗೆ ನಾಲ್ವರು ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಪಟ ಪಟ ಪಟ ಎಂಬ ಆ ಸದ್ದು ಬೀದಿಗೇ ಕೇಳುತ್ತಿತ್ತು. ಬಿಸಿ ಜೋಳದ ರೊಟ್ಟಿಯ ಮೇಲೆ ಬೆಣ್ಣೆ ಇಡಲು ಬಂದ ಅವ್ವನಿಗೆ ಬೇಡವೆಂದು ಕಾರಣ ಹೇಳಿದೆ.

“ಅಯ್ಯ, ಅದಕ್ಯಾಕ ಚಿಂತಿ ಮಾಡ್ತೀರಿ ಅಜ್ಜಾರ? ಬೆಣ್ಣಿ ಇಲ್ಲಂದ್ರ ಶೇಂಗಾ ಹಿಂಡಿ ಐತಿ, ಗುರೆಳ್ಳು ಹಿಂಡಿ ಐತಿ, ಅಗಸಿ ಹಿಂಡಿ ಐತಿ. ಎಣ್ಣಿ ಹಾಕ್ಕೊಂಡು ಉಣ್ಣಲಿ ಕೂಸು,” ಎಂದರು.

ಎಣ್ಣೆಗಾಯಿ, ಮಡಿಕೆ ಕಾಳಿನ ಪಲ್ಯ, ಹಸಿ ಸವತೆಕಾಯಿ. ಮೊಸರಿನ ಬಟ್ಟಲೊಂದನ್ನು ತೆಗೆದಿಟ್ಟರೆ ಇಡೀ ತಟ್ಟೆ ನನ್ನ ಮೊಮ್ಮಗಳದು! ಅವ್ವ ಹೇಳುತ್ತಾ ಹೋದರು, ನಾನು ಬರೆದುಕೊಳ್ಳುತ್ತಾ ಹೋದೆ.

ಮರುದಿನ ಹಳಿಯಾಳ, ದಾಂಡೇಲಿ ದಾಟಿ ಬಸ್ಸು ಕಾಡು ಹೊಕ್ಕಿತು. ಉತ್ತರ ಕನ್ನಡದ ಜೋಯಿಡಾ ತಾಲ್ಲೂಕು ಇದು. ಕಾಳಿ ನದಿ ಹುಟ್ಟುವುದು ಇಲ್ಲಿಯೇ. ಹಿಂದೆ ಇದು ಸೂಪಾ ತಾಲ್ಲೂಕು. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ನೀರಲ್ಲಿ ಹಳೆಯ ಸೂಪಾ ಊರೇ ಮುಳುಗಿಹೋಯಿತು. ಇಲ್ಲಿನ ಕುಣಬಿ ಸಮುದಾಯದವರು ಗೆಡ್ಡೆ ಗೆಣಸು ಬೆಳೆಯುವುದರಲ್ಲಿ ಎತ್ತಿದ ಕೈ. ಹಿತ್ತಿಲಲ್ಲಿ ಗೆಡ್ಡೆ ನೆಟ್ಟು, ಬೀಜದ ಗೆಡ್ಡೆಯನ್ನು ಮುಂದಿನ ವರ್ಷಕ್ಕೆ ಜೋಪಾನ ಮಾಡುವವರು ಹೆಚ್ಚಾಗಿ ಹೆಂಗಸರೇ. ಚಳಿಗಾಲದಲ್ಲಿ ಇಲ್ಲಿ ಗೆಡ್ಡೆ ಗೆಣಸು ಮೇಳವೂ ನಡೆಯುತ್ತದೆ.

ಮುಡ್ಲಿ, ಕೋನೆ, ಕಣಗ, ಸುವರ್ಣಗೆಡ್ಡೆ! ಕೆಲವು ನನ್ನ ಮೊಣಕಾಲಿನಷ್ಟು ದಪ್ಪ, ಕೆಲವು ಮಗುವಿನ ಮುಷ್ಟಿಯಷ್ಟು. ಒಳಗೆ ಬಿಳಿ, ಹಳದಿ, ನೇರಳೆ. ಒಬ್ಬ ಅಕ್ಕ ಕೆಂಡದಲ್ಲಿ ಸುಟ್ಟ ಕಣಗದ ಸಿಪ್ಪೆ ಸುಲಿದು, ತೆಂಗಿನಕಾಯಿ ಚೂರಿನ ಜೊತೆ ಕೈಗಿತ್ತರು. ಬಾಯಲ್ಲಿಟ್ಟರೆ ಬೆಣ್ಣೆಯಂತೆ ಕರಗಿತು.

“ಇದರಲ್ಲಿ ಹಾಲು, ತುಪ್ಪ ಏನಾದರೂ ಉಂಟೇ?” ಎಂದು ಕೇಳಿದೆ.

ಅವರು ಪಕ್ಕದವರಿಗೆ ಕೊಂಕಣಿಯಲ್ಲಿ ಅದನ್ನೇ ಹೇಳಿದರು. ಇಬ್ಬರೂ ನಕ್ಕರು. “ಗೆಣಸಿಗೆ ಯಾಕೆ ಹಾಲು?”

ಗೆಡ್ಡೆ ತಿಂದರೆ ಗಂಟಲು ತುರಿಸುವುದೇಕೆ ಗೊತ್ತೇ, ಮಕ್ಕಳೇ? ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಯಂಥ ಹರಳುಗಳಿರುತ್ತವೆ. ಕ್ಯಾಲ್ಸಿಯಂ ಆಕ್ಸಲೇಟ್ ಎಂದು ಅವುಗಳ ಹೆಸರು. ಚೆನ್ನಾಗಿ ಬೇಯಿಸಿ, ಹುಳಿ ಹಾಕಬೇಕು. ಪ್ರಯೋಗಾಲಯ ನೋಡದ ಅಜ್ಜಿಯರು ಇದನ್ನು ಕಂಡುಕೊಂಡು ಮಗಳಿಗೆ, ಸೊಸೆಗೆ ದಾಟಿಸಿದ್ದಾರೆ.

ಇಲ್ಲಿಯವರೆಗೆ ಖಾರವಾಯಿತು. ಸಿಹಿ ಬೇಡವೇ? ಯಲ್ಲಾಪುರದ ದಾರಿಯಾಗಿ ಶಿರಸಿಗೆ ಬಂದೆ. ಅದು ಆಲೆಮನೆಯ ಕಾಲ. ಹಳೆಯ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಅವರ ಅತ್ತಿಗೆ ತೊಡೆದೇವು ಮಾಡುತ್ತಿದ್ದರು. ಒಲೆಯ ಮೇಲೆ ಮಣ್ಣಿನ ಗಡಿಗೆ ಬೋರಲು. ಅಕ್ಕಿ ನುಣ್ಣಗೆ ಅರೆದು ಕಬ್ಬಿನ ಹಾಲಿನಲ್ಲಿ ಕದಡಿದ ತೆಳು ಹಿಟ್ಟು. ಅದರಲ್ಲಿ ಬಟ್ಟೆ ಅದ್ದಿ ಗಡಿಗೆಯ ಮೇಲೆ ಒಮ್ಮೆ ತೊಡೆದರೆ ಕಾಗದಕ್ಕಿಂತ ತೆಳ್ಳನೆಯ ಹಾಳೆ ಏಳುತ್ತದೆ. ತೊಡೆಯುವುದಕ್ಕೇ ತೊಡೆದೇವು.

“ಕಬ್ಬಿನ ಹಾಲಿಗೆ ನಿಮ್ಮ ಮೊಮ್ಮಗಳು ಹೆದರಬೇಕಾಗಿಲ್ಲ,” ಎಂದು ನಕ್ಕ ಅತ್ತಿಗೆ, ಥಟ್ಟನೆ ಕೈ ನಿಲ್ಲಿಸಿದರು. “ಇರಿ, ನಾವು ಮಡಿಸುವಾಗ ತುಪ್ಪ ಸವರುತ್ತೇವೆ. ಈ ಗಡಿಗೆಗೂ ತುಪ್ಪ ತಾಗಿದೆ.”

ಅಷ್ಟು ಹೇಳಿದವರು ಅಟ್ಟದಿಂದ ಹೊಸ ಗಡಿಗೆ ಇಳಿಸಿದರು, ಹೊಸ ಬಟ್ಟೆ ಹರಿದರು, ಬೇರೆ ಹಿಟ್ಟು ಕಲಸಿದರು. ಅದನ್ನು ಪಳಗಿಸಲೇ ಒಂದು ತಾಸು ಹಿಡಿಯಿತು. ತೆಂಗಿನೆಣ್ಣೆ ಸವರಿ ಹನ್ನೆರಡು ತೊಡೆದೇವು ಮಾಡಿ ಡಬ್ಬಿಯಲ್ಲಿ ಇಟ್ಟುಕೊಟ್ಟರು. ಎಂದೂ ಕಾಣದ ಮಗುವಿಗಾಗಿ! ಅವಳದೇ ತಾತ ನಾನು, ಒಂದು ಚಮಚದ ವಿಷಯದಲ್ಲಿ ಅಷ್ಟು ಎಚ್ಚರ ವಹಿಸಿರಲಿಲ್ಲ. ಹೊಗೆಯ ನೆವ ಹೇಳಿ ಕಣ್ಣೊರೆಸಿಕೊಂಡೆ.

ಈ ಮೂವರಲ್ಲಿ ಯಾರೂ ವೀಗನ್ ಅಲ್ಲ. ಒಬ್ಬರ ಮನೆಯಲ್ಲಿ ಮೊಸರು, ಒಬ್ಬರ ಮನೆಯಲ್ಲಿ ಮೀನು, ಒಬ್ಬರ ಮನೆಯಲ್ಲಿ ತುಪ್ಪ ಇದ್ದೇ ಇದೆ. ಆದರೆ ತಮ್ಮ ನೆಲದಲ್ಲಿ ಬೆಳೆದದ್ದರಿಂದಲೇ ಎಲ್ಲರಿಗೂ ಎಲೆ ಹಾಕುವ ವಿದ್ಯೆ ಅವರ ಕೈಯಲ್ಲಿದೆ. ಹಾಲಿಲ್ಲದಿದ್ದರೆ ಮೂಳೆ ಗಟ್ಟಿಯಾಗುವುದು ಹೇಗೆ ಎಂಬ ಚಿಂತೆ ನನಗಿತ್ತು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಎಳ್ಳಿನಲ್ಲಿ ಅದಕ್ಕಿಂತಲೂ ಹೆಚ್ಚು ಎಂದು ವೈದ್ಯರೇ ಹೇಳಿದರು. ನಮ್ಮ ಮೈಸೂರಿನ ಮುದ್ದೆ ನನ್ನ ಕಣ್ಣೆದುರಿಗೇ ಇತ್ತು!

ಊರಿಗೆ ಬಂದು ಡಬ್ಬಿ ತೆರೆದೆ. ಮೊಮ್ಮಗಳು ಬಗ್ಗಿ ನೋಡಿದಳು.

“ಇದರಲ್ಲಿ ಹಾಲಿದೆಯಾ, ತಾತ?”

ಇಲ್ಲ ಎನ್ನಲಿಲ್ಲ. ನೋಟ್ ಪುಸ್ತಕ ತೆಗೆದು ಅಮ್ಮ ಮಗಳಿಬ್ಬರಿಗೂ ಓದಿದೆ: ಅಕ್ಕಿ, ಕಬ್ಬಿನ ಹಾಲು, ತೆಂಗಿನೆಣ್ಣೆ, ಹೊಸ ಗಡಿಗೆ, ಹೊಸ ಬಟ್ಟೆ. ಅವಳು ಪ್ರತಿ ಸಾಲಿಗೂ ಬೆರಳು ಮಡಚಿದಳು. “ಚಮಚ?” ಎಂದು ಕೇಳಿದಳು. ಚಮಚ ಮುಟ್ಟಿಸಿಲ್ಲ ಎಂದೆ. ಅವಳಮ್ಮ ತಲೆಯಾಡಿಸಿದಳು.

ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡಳು. ಕರಕರ ಸದ್ದಾಯಿತು. ಇನ್ನೊಂದು ಚೂರು ಮುರಿದು ನನ್ನ ಬಾಯಿಗಿಟ್ಟಳು.

ನಾನು ಕೇಳದೆಯೇ ತಿಂದೆ.