ಗಣಿಯ ನೀರು, ಅಣುಸ್ಥಾವರದ ಕಣ್ಣು

ಕೋಲಾರ ಜಿಲ್ಲೆಯ ಜನರೆದುರು ನೆರೆ ನೀರಿನ ಮಾತೆತ್ತಿದರೆ ನಗು ಬಂದೀತು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಸೀಮೆ ಇದು. ಪಾಲಾರ್ ಹೆಸರಿಗೆ ನದಿ. ಮಳೆ ಚೆನ್ನಾಗಿ ಬಂದ ವರ್ಷ ಬೇತಮಂಗಲದ ಕೆರೆಯನ್ನು ತುಂಬಿಸಿ ಆಂಧ್ರದ ಕಡೆ ಹೊರಟುಹೋಗುತ್ತದೆ. ಮಾಲೂರಿನ ತರಕಾರಿ ತೋಟವಿರಲಿ, ಶ್ರೀನಿವಾಸಪುರದ ಮಾವಿನ ಗಿಡವಿರಲಿ, ಮುಳಬಾಗಿಲಿನ ಟೊಮೆಟೊ ಮಡಿಯಿರಲಿ, ಎಲ್ಲಕ್ಕೂ ಕೆರೆ ಇಲ್ಲವೆ ಕೊಳವೆಬಾವಿಯೇ ಗತಿ. ಕೋಲಾರ ಪಟ್ಟಣದ ಪಕ್ಕದ ಬೆಟ್ಟದಲ್ಲಿ, ಅಂತರಗಂಗೆಯ ಬಸವನ ಬಾಯಿಂದ ಸದಾ ಸುರಿಯುವ ಸಣ್ಣ ಧಾರೆ ಜನರಿಗೆ ಪವಾಡವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಇಂಥ ಒಣ ಜಿಲ್ಲೆಯ ಒಂದು ಮೂಲೆಯಲ್ಲಿ ಮಾತ್ರ ನೆಲದೊಳಗೆ ಅಪಾರ ನೀರು ನಿಂತಿದೆ. ಕೋಲಾರದಿಂದ ಬಂಗಾರಪೇಟೆಯ ದಾರಿ ಹಿಡಿದು, ಒಟ್ಟು ಮೂವತ್ತು ಕಿಲೋಮೀಟರು ಆಸುಪಾಸು ಸಾಗಿದರೆ ಕೆ.ಜಿ.ಎಫ್. ಸಿಗುತ್ತದೆ. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಚಾಂಪಿಯನ್ ರೀಫ್, ಕೋರಮಂಡಲ್, ಮಾರಿಕುಪ್ಪಂ ಎಂಬ ಹೆಸರುಗಳೇ ಇದು ಬೇರೆ ಬಗೆಯ ಊರು ಎಂಬುದನ್ನು ಹೇಳುತ್ತವೆ. ತಮಿಳು, ತೆಲುಗು, ಕನ್ನಡ ಒಂದೇ ಅಂಗಡಿಯ ಮುಂದೆ ಕಿವಿಗೆ ಬೀಳುತ್ತವೆ. ಊರಿನ ಅಂಚಿನಲ್ಲಿ ಬೂದುಬಿಳುಪಿನ ದಿಬ್ಬಗಳು. ಅದಿರನ್ನು ಪುಡಿಮಾಡಿ, ಸೈನೈಡ್‌ನಿಂದ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ರಾಶಿ ಅದು. ಅವುಗಳ ನಡುವೆ ತುಕ್ಕು ಹಿಡಿದ ಉಕ್ಕಿನ ಗೋಪುರಗಳು, ಅವುಗಳ ಕೆಳಗೆ ಗಣಿಯ ಬಾಯಿಗಳು.

ಪಂಪು ನಿಂತ ದಿನ

ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಇಲ್ಲಿಗೆ ಬಂದ ಮೇಲೆ ಗಣಿಗಾರಿಕೆ ಆಧುನಿಕ ರೂಪ ಪಡೆಯಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಒಂದು ಕಾಲಕ್ಕೆ ಅದು ಜಗತ್ತಿನ ಅತಿ ಆಳದ ಗಣಿಗಳ ಸಾಲಿನಲ್ಲಿತ್ತು. ನೂರಿಪ್ಪತ್ತು ವರ್ಷಗಳಲ್ಲಿ ಇಲ್ಲಿಂದ ಹೊರಬಂದ ಚಿನ್ನ ಸುಮಾರು 800 ಟನ್. ಅಷ್ಟು ಆಳದಲ್ಲಿ ಬಂಡೆಯೇ ಕಾದಿರುತ್ತದೆ, ಗಾಳಿ ಸಾಲದು, ಬಿರುಕುಗಳಿಂದ ನೀರು ಜಿನುಗುತ್ತದೆ. ಗಾಳಿ ಒಳಗೆ ಹೋಗಬೇಕು, ನೀರು ಹೊರಗೆ ಬರಬೇಕು, ಜನ ಮೇಲಕ್ಕೂ ಕೆಳಕ್ಕೂ ಓಡಾಡಬೇಕು. ಈ ಮೂರಕ್ಕೂ ಶಕ್ತಿ ಬೇಕು. 1902ರಲ್ಲಿ ಶಿವನಸಮುದ್ರದಿಂದ ನೂರೈವತ್ತು ಕಿಲೋಮೀಟರಿನಷ್ಟು ದೂರ ತಂತಿ ಎಳೆದು ಇಲ್ಲಿಗೆ ವಿದ್ಯುತ್ ತಂದದ್ದು ಇದೇ ಕಾರಣಕ್ಕೆ.

ಅದಿರು ತೆಳುವಾಗಿ, ತೆಗೆದ ಚಿನ್ನದ ಬೆಲೆಗಿಂತ ತೆಗೆಯುವ ಖರ್ಚೇ ಹೆಚ್ಚಾದಾಗ ಆಳದ ಭಾಗಗಳನ್ನು ಒಂದೊಂದಾಗಿ ಕೈಬಿಟ್ಟರು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ನೀರೆತ್ತುವ ಪಂಪುಗಳು ನಿಂತವು. ನೀರು ಯಾರ ಅಪ್ಪಣೆಗೂ ಕಾಯಲಿಲ್ಲ. ಹನಿಹನಿಯಾಗಿ ಏರುತ್ತಾ ಸುರಂಗಗಳನ್ನು ತುಂಬಿಕೊಂಡಿತು. ಸಾವಿರಾರು ಕುಟುಂಬಗಳ ಅನ್ನ ಹೋದ ಕಥೆಯನ್ನು ಊರು ಇಂದಿಗೂ ಹೇಳುತ್ತದೆ. ಬೆಳಗಿನ ಜಾವ ಬೆಂಗಳೂರಿಗೆ ಕೆಲಸ ಅರಸಿ ಹೊರಡುವ ಜನರಿಂದ ಕಿಕ್ಕಿರಿದ ರೈಲೇ ಆ ಕಥೆಗೆ ಸಾಕ್ಷಿ. ಆದರೆ ಈ ಗಣಿ ಕಲಿಸುವ ಇನ್ನೊಂದು ಪಾಠವಿದೆ. ಪಂಪಿಗೆ ಶಕ್ತಿ ಸಿಗುವವರೆಗೆ ಮಾತ್ರ ಕೆಳಗಿನ ಲೋಕ ಮನುಷ್ಯನದು. ಶಕ್ತಿ ನಿಂತರೆ ಅದು ನೀರಿನದು. ಪರಮಾಣು ವಿದ್ಯುತ್ ಸ್ಥಾವರಗಳನ್ನು ಕಟ್ಟುವ ಎಂಜಿನಿಯರುಗಳು ಈ ಮಾತನ್ನು ಬಹಳ ಬೆಲೆ ತೆತ್ತು ಕಲಿತಿದ್ದಾರೆ.

ಬಂಡೆಯೊಳಗಿನ ಪ್ರಯೋಗಶಾಲೆ

ಚಿನ್ನದ ಗಣಿಗೂ ಪರಮಾಣುವಿಗೂ ಏನು ಸಂಬಂಧ ಎಂದು ವಿದ್ಯಾರ್ಥಿಗಳು ಕೇಳಬಹುದು. ಹಳೆಯ ಸಂಬಂಧವೇ ಇದೆ. ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1950ರ ದಶಕದಿಂದಲೇ ಇಲ್ಲಿಗೆ ಬಂದು ವಿಶ್ವಕಿರಣಗಳನ್ನು ಅಳೆಯತೊಡಗಿದರು. ಕನ್ನಡಿಗರಾದ ಬಿ.ವಿ. ಶ್ರೀಕಂಠನ್ ಅವರಲ್ಲಿ ಒಬ್ಬರು. ಮೇಲಿನಿಂದ ಸುರಿಯುವ ಕಣಗಳನ್ನು ಎರಡು ಕಿಲೋಮೀಟರು ದಪ್ಪದ ಬಂಡೆ ಸೋಸಿಬಿಡುತ್ತದೆ. ಬಂಡೆಗೂ ಬಗ್ಗದ ನ್ಯೂಟ್ರಿನೊವನ್ನು ಆ ನಿಶ್ಶಬ್ದದಲ್ಲಿ ಹುಡುಕಬಹುದು. 1965ರಲ್ಲಿ ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆಗೂಡಿ, 2.3 ಕಿಲೋಮೀಟರು ಆಳದಲ್ಲಿ ಇಟ್ಟ ಉಪಕರಣಗಳಿಂದ ವಾಯುಮಂಡಲದ ನ್ಯೂಟ್ರಿನೊಗಳ ಗುರುತನ್ನು ಅವರು ಕಂಡರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲೂ ಇದೇ ಶೋಧ ನಡೆಯಿತು. 1980ರ ದಶಕದಲ್ಲಿ ಪ್ರೋಟಾನ್ ಒಡೆಯುತ್ತದೆಯೇ ಎಂದು ನೋಡಲು 140 ಟನ್ ತೂಕದ ಉಪಕರಣವನ್ನು ಕೆಳಗಿಳಿಸಿ ಜೋಡಿಸಿದರು. ಆಳದ ಗಣಿಗಳು ಮುಚ್ಚುತ್ತಾ ಬಂದಂತೆ, 1990ರ ದಶಕದ ಆರಂಭದ ಹೊತ್ತಿಗೆ ಪ್ರಯೋಗಗಳೂ ಮುಗಿದವು.

ಅದೇ 1980ರ ದಶಕದಲ್ಲಿ ಇಲ್ಲಿ ಇನ್ನೊಂದು ಪ್ರಯೋಗವೂ ನಡೆಯಿತು. ಸುಮಾರು 1000 ಮೀಟರು ಆಳದ, ಕೈಬಿಟ್ಟ ಭಾಗವೊಂದರಲ್ಲಿ ಬಂಡೆಯನ್ನು ಕಾಯಿಸಿ, ಅದು ಹೇಗೆ ಹಿಗ್ಗುತ್ತದೆ, ಹೇಗೆ ತಡೆಯುತ್ತದೆ ಎಂದು ಪರಮಾಣು ವಿಜ್ಞಾನಿಗಳು ಎಂಟು ವರ್ಷ ಅಳೆದರು. ವಿಕಿರಣ ತ್ಯಾಜ್ಯವನ್ನು ಭೂಮಿಯ ಆಳದಲ್ಲಿ ಇಟ್ಟರೆ ಬಂಡೆ ಏನಾಗುತ್ತದೆ ಎಂಬುದನ್ನು ತಿಳಿಯುವುದು ಉದ್ದೇಶ. ಅಲ್ಲಿ ಶಾಖ ಕೊಟ್ಟದ್ದು ತ್ಯಾಜ್ಯವಲ್ಲ, ಹೀಟರ್.

ಈ ಹಳೆಯ ಪ್ರಯೋಗ ಕಾಲು ಶತಮಾನದ ನಂತರ ಊರಿನ ನಿದ್ದೆ ಕೆಡಿಸಿತು. 2012ರ ನವೆಂಬರಿನಲ್ಲಿ ಕೂಡಂಕುಳಂ ಸ್ಥಾವರದ ವಿಚಾರಣೆ ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿದ್ದಾಗ ತ್ಯಾಜ್ಯದ ಪ್ರಶ್ನೆಯೊಂದಿಗೆ ಕೋಲಾರದ ಗಣಿಯ ಹೆಸರೂ ಬಂತು. ಜಿಲ್ಲೆಯಲ್ಲಿ ಪ್ರತಿಭಟನೆಗಳು ನಡೆದವು. ಇಲ್ಲಿ ತ್ಯಾಜ್ಯ ಹೂಳುವ ಯೋಜನೆ ಇಲ್ಲ ಎಂದು ಸರ್ಕಾರ ಹೇಳಬೇಕಾಯಿತು. ಜನ ಕೇಳಿದ್ದು ತಪ್ಪು ಪ್ರಶ್ನೆಯಲ್ಲ. ನೀರು ತುಂಬಿದ, ಒಂದಕ್ಕೊಂದು ಕೂಡಿಕೊಂಡ ಸುರಂಗಗಳಲ್ಲಿ ಏನನ್ನೇ ಇಟ್ಟರೂ ನೀರು ಅದನ್ನು ಕರಗಿಸಿ ಒಯ್ಯಬಲ್ಲದು. ಇಷ್ಟನ್ನು ಕಾಣಲು ಪದವಿ ಬೇಕಿಲ್ಲ, ಗಣಿಯ ಪಕ್ಕದ ಬದುಕೇ ಸಾಕು.

ಸ್ಥಾವರದ ತಳದಲ್ಲಿ ಏರುವ ನೀರು

ಕೋಲಾರದಲ್ಲಿ ಅಣು ವಿದ್ಯುತ್ ಸ್ಥಾವರವಿಲ್ಲ. ಕರ್ನಾಟಕದ್ದು ಇರುವುದು ಉತ್ತರ ಕನ್ನಡದ ಕೈಗಾದಲ್ಲಿ, ಕಾಳಿ ನದಿಯ ಕದ್ರಾ ಜಲಾಶಯದ ದಂಡೆಯ ಮೇಲೆ. ಅಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಇಂಥ ಸ್ಥಾವರದಲ್ಲಿ ನೀರಿನ ಭಯ ಎರಡು ಕಡೆಯಿಂದ ಬರುತ್ತದೆ. ಒಂದು, ಹೊರಗಿನ ಮಳೆ, ನದಿ, ಅಣೆಕಟ್ಟು, ಸಮುದ್ರ. ಇನ್ನೊಂದು ಒಳಗಿನದು; ಇದನ್ನು ಸಾಮಾನ್ಯವಾಗಿ ಯಾರೂ ಯೋಚಿಸುವುದಿಲ್ಲ.

ರಿಯಾಕ್ಟರನ್ನು ನಿಲ್ಲಿಸಿದ ಕ್ಷಣವೇ ಅದು ತಣ್ಣಗಾಗುವುದಿಲ್ಲ. ಒಲೆ ಆರಿಸಿದರೂ ಕೆಂಡ ಕಾಯುತ್ತಲೇ ಇರುವಂತೆ, ಇಂಧನದೊಳಗಿನ ವಿಕಿರಣದಿಂದ ಶಾಖ ಹುಟ್ಟುತ್ತಲೇ ಇರುತ್ತದೆ. ದೊಡ್ಡ ಕೊಳವೆಯೊಂದು ಒಡೆದರೆ ಬಿಸಿನೀರು ಹಬೆಯಾಗಿ ಚಿಮ್ಮುತ್ತದೆ. ಇಂಧನ ಕರಗದಂತೆ ತುರ್ತು ಪಂಪುಗಳು ಹೊಸ ನೀರನ್ನು ನುಗ್ಗಿಸುತ್ತವೆ. ಹಬೆ ತಣಿದ ನೀರು, ಸುರಿದ ನೀರು ಎಲ್ಲವೂ ಕೊನೆಗೆ ಕಟ್ಟಡದ ತಳಕ್ಕೇ ಬಂದು ನಿಲ್ಲುತ್ತದೆ. ಒಳಗೆ ಎಷ್ಟು ಒತ್ತಡವಿದೆ, ಇಂಧನದ ಮೇಲೆ ನೀರಿದೆಯೇ, ಶಾಖ ಎಷ್ಟು, ವಿಕಿರಣ ಎಷ್ಟು ಎಂದು ತಿಳಿಸುವ ಮಾಪಕಗಳು ಆ ತಳದಲ್ಲೇ ಇದ್ದರೆ? ಕಾಪಾಡಲು ಸುರಿದ ನೀರೇ ಕಾವಲುಗಾರನ ಕಣ್ಣು ಮುಚ್ಚಿಸುತ್ತದೆ.

ಇದು ಬರಿಯ ಊಹೆಯಲ್ಲ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಸ್ಥಾವರದಲ್ಲಿ ಒಂದು ವಾಲ್ವು ತೆರೆದೇ ಉಳಿಯಿತು. ನಿಯಂತ್ರಣ ಕೊಠಡಿಯ ದೀಪ ತೋರಿಸುತ್ತಿದ್ದುದು ‘ಮುಚ್ಚು’ ಎಂಬ ಆಜ್ಞೆ ಹೋಗಿದೆ ಎಂಬುದನ್ನು ಮಾತ್ರ. ವಾಲ್ವು ನಿಜಕ್ಕೂ ಮುಚ್ಚಿದೆಯೇ ಎಂಬುದನ್ನಲ್ಲ. ಸಿಬ್ಬಂದಿ ದೀಪವನ್ನು ನಂಬಿದರು, ಇಂಧನದ ಸುಮಾರು ಅರ್ಧಭಾಗ ಕರಗಿತು. ತಳಮಹಡಿಯಲ್ಲಿ ವಿಕಿರಣಭರಿತ ನೀರು ಏರಿ ಅಲ್ಲಿದ್ದ ಕೆಲವು ಮಾಪಕಗಳು ಮುಂದಿನ ದಿನಗಳಲ್ಲಿ ಕೆಟ್ಟವು. ಆ ಬಳಿಕ, ಅಪಘಾತವಾದ ಮೇಲೂ ಬದುಕಿರಲೇಬೇಕಾದ ಮಾಪಕಗಳು ಯಾವುವು ಎಂದು ಪ್ರತ್ಯೇಕವಾಗಿ ಗುರುತಿಸಿ, ಅವುಗಳಿಗೆ ಕಠಿಣ ಪರೀಕ್ಷೆ ಇಡುವುದು ಜಗತ್ತಿನ ಸ್ಥಾವರಗಳಲ್ಲಿ ಬಲವಾಗಿ ಬೇರೂರಿತು.

ರೈತ ಬಲ್ಲ ವಿದ್ಯೆ

ಈ ರಕ್ಷಣೆಯ ಉಪಾಯಗಳನ್ನು ಅರಿಯಲು ಕೋಲಾರದ ವಿದ್ಯಾರ್ಥಿ ದೂರ ಹೋಗಬೇಕಾಗಿಲ್ಲ. ತೋಟದ ಕೊಳವೆಬಾವಿಯನ್ನು ನೋಡಿದರೆ ಸಾಕು. ಸಾವಿರ ಅಡಿಗೂ ಕೆಳಗೆ ನೀರಿನಲ್ಲೇ ಮುಳುಗಿ ಮೋಟಾರು ತಿರುಗುತ್ತದೆ. ನೀರು ಒಳನುಗ್ಗಿ ಹಾಳುಮಾಡದಂತೆ ಅದನ್ನು ಭದ್ರಪಡಿಸಿರುತ್ತಾರೆ. ಮೋಟಾರು ಗಟ್ಟಿಯಿದ್ದರೂ ಕೇಬಲ್ ಜಾಯಿಂಟಿಗೆ ಹಾಕಿದ ಟೇಪು ಸಡಿಲವಾದರೆ ಎಲ್ಲವೂ ಸುಟ್ಟೀತು ಎಂಬುದು ಪ್ರತಿ ರೈತನಿಗೂ ಗೊತ್ತು. ಸ್ಟಾರ್ಟರ್ ಪೆಟ್ಟಿಗೆಯನ್ನು ಮಾತ್ರ ಯಾರೂ ನೆಲದ ಮೇಲಿಡುವುದಿಲ್ಲ. ಕಲ್ಲುಕಂಬಕ್ಕೋ ಗೋಡೆಗೋ ಎತ್ತರದಲ್ಲಿ ಬಿಗಿಯುತ್ತಾರೆ.

ಅಣುಸ್ಥಾವರದ ಎಂಜಿನಿಯರೂ ಮಾಡುವುದು ಇದನ್ನೇ, ಆದರೆ ಲೆಕ್ಕ ಹಾಕಿ. ಅಪಘಾತದಲ್ಲಿ ಒಟ್ಟು ಎಷ್ಟು ನೀರು ಬಂದು ತಳದಲ್ಲಿ ಎಷ್ಟು ಎತ್ತರ ನಿಲ್ಲಬಹುದು ಎಂದು ಮೊದಲು ಅಳೆಯುತ್ತಾರೆ. ಮುಖ್ಯ ಮಾಪಕಗಳನ್ನು ಆ ಗೆರೆಗಿಂತ ಮೇಲೆ ಕೂರಿಸುತ್ತಾರೆ. ಕೆಳಗೇ ಇರಬೇಕಾದವನ್ನು ಮುಳುಗಿದರೂ ಕೆಲಸ ಮಾಡುವಂತೆ ಮುಚ್ಚಿ, ಹಬೆ, ಶಾಖ, ವಿಕಿರಣಗಳಲ್ಲಿ ಇಟ್ಟು ಪರೀಕ್ಷಿಸುತ್ತಾರೆ. ತಂತಿ ಪೆಟ್ಟಿಗೆಯೊಳಗೆ ಹೋಗುವ ತೂತು, ಜಾಯಿಂಟು, ಪೆಟ್ಟಿಗೆಯ ರಬ್ಬರು ಪಟ್ಟಿ ಇವೇ ದುರ್ಬಲ ಜಾಗಗಳು. ರಬ್ಬರು ಮುದಿಯಾಗುತ್ತದೆ, ಕಾಲಕಾಲಕ್ಕೆ ಬದಲಿಸಬೇಕು. ಒಂದೇ ಅಳತೆಗೆ ಎರಡು ಮೂರು ಮಾಪಕಗಳನ್ನು ಬೇರೆ ಬೇರೆ ಕಡೆ ಇಡುತ್ತಾರೆ, ಒಂದೇ ನೀರಿಗೆ ಎಲ್ಲವೂ ಆಹುತಿಯಾಗದಿರಲೆಂದು.

ಮಾಪಕ ಬದುಕಿದ್ದರೂ ಅದಕ್ಕೆ ವಿದ್ಯುತ್ ಬೇಕು. 2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾದಲ್ಲಿ ಆದದ್ದು ಇದು. ಭೂಕಂಪದ ಕೂಡಲೇ ರಿಯಾಕ್ಟರುಗಳು ನಿಂತವು, ಡೀಸೆಲ್ ಜನರೇಟರುಗಳೂ ಓಡಿದವು. ಮುಕ್ಕಾಲು ಗಂಟೆ ದಾಟಿದ ಮೇಲೆ ಬಂದ ಸುನಾಮಿ ತಳಮಹಡಿಗೆ ನುಗ್ಗಿ ಜನರೇಟರುಗಳನ್ನೂ ಒಂದು ಮತ್ತು ಎರಡನೇ ಘಟಕಗಳ ಬ್ಯಾಟರಿಗಳನ್ನೂ ಮುಳುಗಿಸಿತು. ನಿಯಂತ್ರಣ ಕೊಠಡಿ ಕತ್ತಲಾಯಿತು, ಮುಳ್ಳುಗಳು ಸತ್ತವು. ಸಿಬ್ಬಂದಿ ವಾಹನಗಳ ಬ್ಯಾಟರಿ ಬಿಚ್ಚಿ ತಂದು ಮಾಪಕಗಳಿಗೆ ಜೋಡಿಸಿದರು. ಒಂದನೇ ಘಟಕದ ಮಾಪಕ ಇಂಧನದ ಮೇಲೆ ಇನ್ನೂ ನೀರಿದೆ ಎಂದು ತೋರಿಸಿತು, ಅದು ಸುಳ್ಳು. ಅದೇ ಆವರಣದ ಆರನೇ ಘಟಕದಲ್ಲಿ ಎತ್ತರದ ಜಾಗದಲ್ಲಿದ್ದ ಒಂದೇ ಒಂದು ಜನರೇಟರು ಉಳಿಯಿತು. ಅದರಿಂದ ಐದು ಮತ್ತು ಆರನೇ ಘಟಕಗಳು ಬದುಕಿದವು.

ಭಾರತಕ್ಕೂ ಇದರ ಅನುಭವವಿದೆ. 1994ರ ಜೂನ್‌ನಲ್ಲಿ ಗುಜರಾತಿನ ಕಾಕ್ರಾಪಾರದಲ್ಲಿ ಭಾರಿ ಮಳೆಯ ನೀರು ಟರ್ಬೈನ್ ಕಟ್ಟಡಕ್ಕೆ ನುಗ್ಗಿತ್ತು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಕಲ್ಪಾಕ್ಕಂನ ಪಂಪ್‌ಹೌಸ್ ಜಲಾವೃತವಾಯಿತು. ಓಡುತ್ತಿದ್ದ ಘಟಕವನ್ನು ಸುರಕ್ಷಿತವಾಗಿ ನಿಲ್ಲಿಸಲಾಯಿತು. ಫುಕುಶಿಮಾದ ಬಳಿಕ ದೇಶದ ಸ್ಥಾವರಗಳನ್ನೆಲ್ಲ ಮತ್ತೆ ಪರಿಶೀಲಿಸಿ, ಹೊರಗಿನಿಂದ ನೀರು ತುಂಬಿಸುವ ಕೊಳವೆ ಜೋಡಣೆ, ಗಾಳಿಯಿಂದಲೇ ತಣಿಯುವ ಜನರೇಟರು ಮೊದಲಾದ ಏರ್ಪಾಡುಗಳನ್ನು ಸೂಚಿಸಲಾಯಿತು.

‘ನಮ್ಮಲ್ಲಿ ಅಷ್ಟು ನೀರು ಬರುವುದಿಲ್ಲ’ ಎಂಬ ಮಾತು ಎಲ್ಲ ಊರಿನಲ್ಲೂ ಕೇಳಿಬರುತ್ತದೆ. ಬರದ ಜಿಲ್ಲೆಯೆಂದೇ ಹೆಸರಾದ ಕೋಲಾರದಲ್ಲಿ 2021ರ ನವೆಂಬರಿನ ಮಳೆಗೆ ಕೆರೆಗಳು ಕೋಡಿ ಹರಿದದ್ದನ್ನು ಮಕ್ಕಳು ಕಂಡಿದ್ದಾರೆ. ಎಂದೋ ಒಮ್ಮೆ ಬರುವ ನೀರಿಗೆ ದಿನವೂ ಸಿದ್ಧವಾಗಿರುವುದೇ ಸುರಕ್ಷತೆ.

ಮಕ್ಕಳನ್ನು ಎಂಜಿನಿಯರಿಂಗ್ ಓದಿಸುವ ತಂದೆತಾಯಿಯರಿಗೆ ಉಪಕರಣ ವಿಜ್ಞಾನ ಎಂಬ ಶಾಖೆ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಆದರೆ ಒಂದು ಪೆಟ್ಟಿಗೆಯನ್ನು ಎಷ್ಟು ಅಡಿ ಎತ್ತರದಲ್ಲಿ ಬಿಗಿಯಬೇಕು ಎಂಬ ಸಣ್ಣ ನಿರ್ಧಾರದಲ್ಲಿ ಲಕ್ಷಾಂತರ ಜನರ ಕ್ಷೇಮ ಅಡಗಿರುತ್ತದೆ. ಪರಮಾಣು ಯೋಜನೆಯ ಮಾತು ಬಂದಾಗ ಬೇಕು, ಬೇಡ ಎಂದು ಕೂಗುವ ಮೊದಲು ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆಗಳೂ ಇವೇ: ನೀರು ಎಲ್ಲಿಯವರೆಗೆ ಏರಬಹುದು? ಬ್ಯಾಟರಿ ಎಲ್ಲಿದೆ? ಮುಳುಗಿದ ಮೇಲೂ ಯಾವ ಮಾಪಕ ನಿಜ ಹೇಳುತ್ತದೆ? ಈ ಪ್ರಶ್ನೆಗಳಿಗೆ ಅಂಕಿಗಳಲ್ಲಿ ಉತ್ತರ ಸಿಕ್ಕರೆ ಭಯ ಕಡಿಮೆಯಾಗುತ್ತದೆ. ಸಿಗದಿದ್ದರೆ ಭಯಕ್ಕೆ ಕಾರಣವಿದೆ.