ಸ್ವರ್ಗದ ದಾರಿಯಲ್ಲಿ ಒಂದು ದಿನ

ನಮ್ಮ ಕಾಸರಗೋಡಿನ ಕಡೆಯ ಮನೆಗಳಲ್ಲಿ ಸಮಾರಂಭದ ಊಟ ಮುಗಿದು ಎಲೆಯಡಕೆಯ ಹರಿವಾಣ ಜಗಲಿಗೆ ಬಂತೆಂದರೆ, ಅದರ ಬೆನ್ನಿಗೇ ಬರುವ ಮಾತೊಂದಿದೆ: “ಐವತ್ತು ವರ್ಷದ ಹಿಂದಿನ ಕಾಲವೇ ಕಾಲ!” ಹಾಗೆನ್ನುವವರು ಸಾಮಾನ್ಯವಾಗಿ ಗಂಡಸರು, ಅದರಲ್ಲಿಯೂ ಆಗ ಇಪ್ಪತ್ತರ ಪ್ರಾಯದಲ್ಲಿದ್ದವರು. ಇಪ್ಪತ್ತರಲ್ಲಿ ಯಾರಿಗೆ ತಾನೇ ಕಾಲ ಚೆನ್ನಾಗಿರುವುದಿಲ್ಲ? ಕಳೆದ ಬೇಸಗೆಯಲ್ಲಿ ಒಂದು ಉಪನಯನದ ಮನೆಯಲ್ಲಿ ಈ ವಾದ ಸಂಜೆಯ ಕಾಫಿಯವರೆಗೂ ನಡೆಯಿತು. ನಾವು ದಂಪತಿಗಳಿಬ್ಬರೂ ಒಂದೊಂದು ಪಕ್ಷ ಹಿಡಿದು, ಇತ್ಯರ್ಥವಾಗದೆ ಮನೆಗೆ ಮರಳಿದೆವು. ಮರುವಾರ ಸೋದರತ್ತೆಯನ್ನು ಕಂಡುಬರಲು ಹೊರಟಾಗಲೂ ಆ ಮಾತು ನಮ್ಮ ಜೊತೆಯಲ್ಲಿಯೇ ಬಸ್ಸು ಹತ್ತಿತು.

ಅತ್ತೆಯ ಮನೆ ಪೆರ್ಲದಿಂದ ಒಳಗೆ, ಸ್ವರ್ಗ ಮತ್ತು ಪಡ್ರೆಯ ನಡುವೆ. ಸ್ವರ್ಗವೆಂದರೆ ನಗಬೇಕಾಗಿಲ್ಲ. ಕೇರಳದ ಬಡಗಣ ತುದಿಯಲ್ಲಿ, ಎಣ್ಮಕಜೆ ಪಂಚಾಯತಿನಲ್ಲಿ, ಆ ಹೆಸರಿನ ಊರು ನಿಜವಾಗಿಯೂ ಇದೆ.

ಕುಂಬಳೆಯಲ್ಲಿ ರೈಲಿನಿಂದಿಳಿದೆವು. ಮಂಗಳೂರಿನ ಕಡೆಗೆ ಹೋಗುವ ಹೆದ್ದಾರಿ ಈಗ ಆರು ಪಥದ್ದು. ಅದರ ಅಗಲವನ್ನು ಕಂಡು ದಾಟುವ ಧೈರ್ಯವೇ ಬಾರದು. ಬದಿಯಡ್ಕದ ಬಸ್ಸು ಸೀತಾಂಗೋಳಿಯ ಏರನ್ನೇರಿ, ಹೆಸರಿನಲ್ಲಿಯೇ ನೀರನ್ನಿಟ್ಟುಕೊಂಡ ನೀರ್ಚಾಲನ್ನು ಹಾದು ಮುಂದುವರಿಯಿತು. 1975ರಲ್ಲಿ ನಮ್ಮ ಕಡೆಗೆ ಬೆಳಗ್ಗೆ ಒಂದು, ಸಂಜೆ ಒಂದು ಬಸ್ಸಿತ್ತು. ಮಳೆಗಾಲದಲ್ಲಿ ಅದು ಎಲ್ಲಿ ನಿಲ್ಲುವುದೋ ಅಲ್ಲಿಂದ ಮುಂದೆ ಕಾಲುನಡಿಗೆ. ಈಗ ಡಾಮರು ಮನೆಯಂಗಳಕ್ಕೇ ಬಂದಿದೆ.

ಬದಿಯಡ್ಕದಲ್ಲಿ ಬಸ್ಸು ಬದಲಿಸಬೇಕು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಬಾಳಿದ ಊರಿದು. ನೂರು ವರ್ಷ ಬದುಕಿದ ಅವರು 2015ರಲ್ಲಿ ತೀರಿಕೊಂಡರು. ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಮಹಾಜನ ಆಯೋಗವು ಶಿಫಾರಸು ಮಾಡಿದ್ದು 1967ರಲ್ಲಿ. ಐವತ್ತು ವರ್ಷಗಳ ಹಿಂದೆ ಆ ಆಸೆಗೆ ಇನ್ನೂ ಜೀವವಿತ್ತು; ‘ಇಂದಲ್ಲ ನಾಳೆ’ ಎನ್ನುತ್ತಿದ್ದ ಹಿರಿಯರನ್ನು ನಾವೇ ಕಂಡಿದ್ದೇವೆ. ನಮ್ಮ ಮೊಮ್ಮಕ್ಕಳಿಗೆ ಆ ಆಸೆಯೂ ಇಲ್ಲ, ಅದರ ನೋವೂ ಇಲ್ಲ. ಇದನ್ನು ಯಾವ ಲೆಕ್ಕಕ್ಕೆ ಬರೆಯಬೇಕೆಂದು ನಮಗೆ ತಿಳಿಯದು.

ಪೆರ್ಲದ ದಾರಿಯಲ್ಲಿ ಉಕ್ಕಿನಡ್ಕ ಸಿಗುತ್ತದೆ. 2013ರ ನವೆಂಬರಿನಲ್ಲಿ ಇಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿಗೆ ಕಲ್ಲು ಹಾಕಿದರು. ಏಳನೆಯ ವರ್ಷದಲ್ಲಿ, ಕೊರೋನಾ ಬಂದಾಗ, ಅದರ ಆಡಳಿತ ಕಟ್ಟಡವನ್ನೇ ತರಾತುರಿಯಿಂದ ಆಸ್ಪತ್ರೆಯಾಗಿಸಿದರು. ಆ ತರಾತುರಿಯ ಕಾರಣವನ್ನು ನಮ್ಮ ಓದುಗರಿಗೆ ನೆನಪಿಸಬೇಕಾಗಿಲ್ಲ. 2020ರ ಮಾರ್ಚಿಯಲ್ಲಿ ತಲಪಾಡಿ ಮೊದಲಾದ ಗಡಿದಾರಿಗಳು ಮುಚ್ಚಿದುವು, ಎಷ್ಟೋ ಕಡೆ ರಸ್ತೆಗೆ ಮಣ್ಣಿನ ರಾಶಿ ಬಿತ್ತು. ಮಂಗಳೂರಿನ ಆಸ್ಪತ್ರೆಗಳಿಗೆ ಹೊರಟ ರೋಗಿಗಳು ಗಡಿಯಿಂದಲೇ ಹಿಂದಿರುಗಬೇಕಾಯಿತು; ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಗಡಿಯೆಂಬುದು ಕಾಗದದ ಮೇಲಿನ ಗೆರೆಯಷ್ಟೆ ಎಂದು ಅರುವತ್ತು ವರ್ಷಗಳಿಂದ ನಂಬಿದ್ದ ನಮಗೆ, ಅದು ಆಳೆತ್ತರದ ಮಣ್ಣಾಗಿಯೂ ಬರಬಲ್ಲುದೆಂದು ಆ ವರ್ಷ ತಿಳಿಯಿತು.

ಪೆರ್ಲದಿಂದ ಮುಂದೆ ಗುಡ್ಡಗಳು ಒತ್ತೊತ್ತಾಗಿವೆ. ಮೇಲೆ ಮುರಕಲ್ಲಿನ ಬೋಳುನೆಲ, ಕೆಳಗಿನ ಕಣಿವೆಯಲ್ಲಿ ಅಡಕೆ ತೋಟ. ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಮಳೆ ಸುರಿಯುವ ಸೀಮೆ ಇದು. ಆದರೆ ಸುರಿದುದೆಲ್ಲ ನಾಲ್ಕು ತಿಂಗಳೊಳಗೆ ತೋಡು ಹೊಳೆಗಳಾಗಿ ಕಡಲು ಸೇರುತ್ತದೆ. ಉಳಿದಷ್ಟು ನೀರನ್ನು ಗುಡ್ಡ ತನ್ನ ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ. ಅದನ್ನು ಪಡೆಯಲು ನಮ್ಮ ಹಿರಿಯರು ಸುರಂಗ ತೋಡಿದರು. ಆಳಕ್ಕಿಳಿಯುವ ಬಾವಿಯಲ್ಲ ಅದು. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರದಲ್ಲಿ, ಗುಡ್ಡದ ಪಕ್ಕೆಗೆ ಅಡ್ಡಲಾಗಿ ಕೊರೆದ ಮಾಟೆ. ಒಳಗೆ ಹೋದಂತೆ ನೆಲ ತುಸು ಏರುತ್ತದೆ. ಆದುದರಿಂದ ಒಸರಿದ ನೀರು ತಾನಾಗಿಯೇ ಹೊರಗೆ ಹರಿಯುತ್ತದೆ. ಹಗ್ಗ ಬೇಡ, ಏತ ಬೇಡ, ಕರೆಂಟು ಬೇಡ.

ಅತ್ತೆಯ ಮನೆಯ ಸುರಂಗ ಎಪ್ಪತ್ತು ಕೋಲಿನದು. ಸುರಂಗವನ್ನು ಅಳೆಯುವುದು ಕೋಲಿನಿಂದ. ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ರಾಜ್ಯ ವಿಂಗಡಣೆಯಾದ ಮರುವರ್ಷ, ಎಂದರೆ 1957ರಲ್ಲಿ, ಅವರು ಹದಿನಾರರ ಸೊಸೆಯಾಗಿ ಆ ಮನೆಗೆ ಬಂದಾಗ ತೋಡುವ ಕೆಲಸ ನಡೆಯುತ್ತಿತ್ತಂತೆ. ಒಳಗೊಬ್ಬ ಪಿಕ್ಕಾಸಿನಿಂದ ಅಗೆಯುವುದು, ಇನ್ನೊಬ್ಬ ಬುಟ್ಟಿಯಲ್ಲಿ ಮಣ್ಣು ಹೊರಗೆ ತರುವುದು. ಬೆಳಕಿಗೆ ಒಂದು ದೀಪ. ದೀಪ ಮಂಕಾದರೆ ಗಾಳಿ ಸಾಲದೆಂದರ್ಥ; ಕೂಡಲೇ ಹೊರಬರಬೇಕು. ಮಣ್ಣು ಮೆದುವಾದರೆ ಕುಸಿಯುವ ಭಯ. ಎಪ್ಪತ್ತನೆಯ ಕೋಲಿನಲ್ಲಿ ನೀರು ಸಿಕ್ಕಿದ ದಿನ ಮನೆಯಲ್ಲಿ ಪಾಯಸವಾಯಿತು. ಅಡಕೆ ಮರದ ದಂಬೆಯಲ್ಲಿ ಆ ನೀರು ಬಚ್ಚಲಿಗೆ, ಅಡುಗೆಮನೆಗೆ, ಉಳಿದುದು ತೋಟಕ್ಕೆ. ಬಾಲ್ಯದಲ್ಲಿ ರಜೆಗೆ ಹೋದಾಗ ಆ ದಂಬೆಗೆ ಬಾಯಿಯೊಡ್ಡಿ ನೀರು ಕುಡಿದ ತಂಪು ಈಗಲೂ ನಾಲಗೆಯಲ್ಲಿದೆ. ಉಪನಯನದ ಮನೆಯಲ್ಲಿ ನಮ್ಮಲ್ಲೊಬ್ಬರು ಹಳೆಯ ಕಾಲದ ಪಕ್ಷ ಹಿಡಿದುದು ಮುಖ್ಯವಾಗಿ ಈ ನೀರಿನ ಬಲದಿಂದಲೇ.

ಎಂಬತ್ತು ದಾಟಿದ ಅತ್ತೆಗೆ ಕಿವಿ ಸ್ವಲ್ಪ ಮಂದ, ಬುದ್ಧಿ ಮಂದವಿಲ್ಲ. ಜಗಲಿಯಲ್ಲಿ ಕುಳಿತು ನಮ್ಮ ವಾದವನ್ನೆಲ್ಲ ಕೇಳಿದರು. ಬಳಿಕ, “ಆ ಸುರಂಗ ತೋಡಿದವನ ಮನೆಯಲ್ಲಿ ನೀರಿಗೆ ಏನು ಮಾಡುತ್ತಿದ್ದರು, ಗೊತ್ತುಂಟೋ?” ಎಂದು ಕೇಳಿದರು. ನಮಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಆ ನೀರು ಕುಡಿದರೂ ಕೇಳಿರಲಿಲ್ಲ. ಅವನ ಮನೆಯ ಹೆಂಗಸರು ಅರ್ಧ ಮೈಲು ಕೆಳಗಿನ ತೋಡಿಗಿಳಿದು ಕೊಡ ಹೊತ್ತು ತರುತ್ತಿದ್ದರಂತೆ. ಗುಡಿಸಲಿದ್ದ ನೆಲವೂ ಅವನದಾಗಿರಲಿಲ್ಲ. ಧಣಿಗೆ ಸಿಟ್ಟು ಬಂದರೆ ಎಬ್ಬಿಸಬಹುದಿತ್ತು. 1970ರ ಜನವರಿ ಒಂದರಂದು ಕೇರಳದ ಭೂಸುಧಾರಣೆ ಜಾರಿಯಾದ ಮೇಲೆ ಆ ಮನೆಯವರಿಗೆ ಹತ್ತು ಸೆಂಟು ನೆಲ ಸ್ವಂತವಾಯಿತು. ಅವನ ಮೊಮ್ಮಗಳು ಇಂದು ಮಂಗಳೂರಿನಲ್ಲಿ ನರ್ಸು.

ಇಲ್ಲಿಂದ ಹೆಚ್ಚು ದೂರವಲ್ಲದ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು, ತಾವು ದುಡಿಯುತ್ತಿದ್ದ ಧಣಿಯಿಂದ ದೊರೆತ ಒಣಗುಡ್ಡದಲ್ಲಿ, ಹಲವು ಸುರಂಗಗಳು ವ್ಯರ್ಥವಾದರೂ ಬಿಡದೆ ಒಬ್ಬರೇ ತೋಡಿ ನೀರು ಕಂಡು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ತೋಡಿದ ಕೈಗೇ ನೀರು ಸಿಕ್ಕಿದ ಅಂಥ ಕಥೆಗಳು ಹಳೆಯ ಕಾಲದಲ್ಲಿ ಅಪರೂಪವೆಂದು ಅತ್ತೆಯ ಅಭಿಪ್ರಾಯ.

ಅಷ್ಟಕ್ಕೆ ನಿಲ್ಲಿಸದೆ ಅವರು ಬೆರಳು ಮಡಚಿದರು. ಹೆತ್ತದ್ದು ಏಳು, ಉಳಿದದ್ದು ನಾಲ್ಕು. ಎರಡು ವರ್ಷ ತುಂಬುವ ಮೊದಲೇ ಹೋದುವು. ಐದು ವರ್ಷದ ಹುಡುಗನಿಗೆ ವಾಂತಿ ಭೇದಿಯಾಗಿ, ಪುತ್ತೂರಿಗೆಂದು ಹೊತ್ತುಕೊಂಡು ಹೊರಟವರು ದಾರಿಯಿಂದಲೇ ಹಿಂದೆ ಬಂದರು. ಲೆಕ್ಕದ ಪುಸ್ತಕವೂ ಅವರ ಬೆರಳಿನ ಮಾತನ್ನೇ ಹೇಳುತ್ತದೆ. 1971ರಲ್ಲಿ ಕೇರಳದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 58 ವರ್ಷದೊಳಗೆ ಸಾಯುತ್ತಿದ್ದುವು. 2020ರಲ್ಲಿ ಆ ಸಂಖ್ಯೆ 6. ಸಿಡುಬಿನ ಕೊನೆಯ ಪ್ರಕರಣ ನಮ್ಮ ದೇಶದಲ್ಲಿ ಕಂಡದ್ದು 1975ರ ಮೇ ತಿಂಗಳಿನಲ್ಲಿ. ಜಗಲಿಯ ವಾದದಲ್ಲಿ ಈ ಮಕ್ಕಳು ಯಾಕೆ ಬರುವುದಿಲ್ಲವೋ! ಬಹುಶಃ ಹೆತ್ತವರು ಅಲ್ಲಿ ಕುಳಿತಿರುವುದಿಲ್ಲ, ಒಳಗೆ ಪಾತ್ರೆ ತೊಳೆಯುತ್ತಿರುತ್ತಾರೆ.

ಹೊಸಕಾಲದ ಪಕ್ಷ ಹಿಡಿದವರಿಗೆ ಇಷ್ಟರಲ್ಲಿ ಗೆಲವು ಬಂದಿತ್ತು. ಆದರೆ ಅತ್ತೆ ತೋಟದಾಚೆಯ ಗುಡ್ಡದ ಕಡೆಗೆ ಕೈ ತೋರಿಸಿದರು. ಮೇಲೆ ಗೇರುತೋಟ, ಸರಕಾರಿ ಸ್ವಾಮ್ಯದ್ದು. 1970ರ ದಶಕದ ಕೊನೆಯಿಂದ 2000ದವರೆಗೆ ಆ ಗೇರುಮರಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ನೀರಿನ ಆಸರೆಗಳನ್ನು ಮುಚ್ಚಿಡಬೇಕೆಂದು ನಿಯಮವಿತ್ತು. ಹರಿಯುವ ತೋಡನ್ನು, ಗುಡ್ಡದ ಇಡೀ ಪಕ್ಕೆಯನ್ನು ಮುಚ್ಚುವ ಬಟ್ಟೆ ಯಾವ ಮಗ್ಗದಲ್ಲಿ ನೇಯುತ್ತಾರೆ? ಪಡ್ರೆ, ಸ್ವರ್ಗಗಳ ಹೆಸರು ದೇಶಕ್ಕೆಲ್ಲ ತಿಳಿದದ್ದು ಹೀಗೆ. ಸುಪ್ರೀಂ ಕೋರ್ಟು ಈ ವಿಷವನ್ನು 2011ರ ಮೇಯಲ್ಲಿ ನಿಷೇಧಿಸಿತು. ಸಂತ್ರಸ್ತರಿಗೆ ಐದೈದು ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ಆಜ್ಞಾಪಿಸಿತು. ತೋಟದಾಚೆಯ ಮನೆಯಲ್ಲಿ ಮೂವತ್ತು ದಾಟಿದ ಮಗನೊಬ್ಬನಿದ್ದಾನೆ. ಇಂದಿಗೂ ತಾಯಿಯೇ ಉಣಿಸಬೇಕು, ತಾಯಿಯೇ ಮಗ್ಗುಲು ಬದಲಿಸಬೇಕು. “ನನ್ನ ಮೂರು ಮಕ್ಕಳು ಹೋದುವು. ಅವಳ ಮಗ ಇದ್ದಾನೆ. ಯಾವುದು ಕಷ್ಟವೆಂದು ನನ್ನನ್ನು ಕೇಳಬೇಡಿ,” ಎಂದರು ಅತ್ತೆ.

ಇಲ್ಲಿ ನಮ್ಮದೊಂದು ಮಾತು ಹೇಳಲೇಬೇಕು. 1983ರ ಸುಮಾರಿಗೆ ಇದೇ ಅಂಗಳದಲ್ಲಿ ಹೆಲಿಕಾಪ್ಟರಿನ ಸದ್ದು ಕೇಳಿದೊಡನೆ ನಾವು ಓಡಿಬಂದು, ಮೂರು ವರ್ಷದ ಮಗನನ್ನು ಹೆಗಲ ಮೇಲೆ ಕೂರಿಸಿ ತೋರಿಸಿದ್ದೆವು. ಅವನು ಕೈ ಬೀಸಿದ್ದ. ನಮ್ಮೂರಿಗೂ ಹೊಸಕಾಲ ಬಂತೆಂದು ನಮಗೆ ಎಂಥ ಹೆಮ್ಮೆ! ದೇವರ ದಯೆಯಿಂದ ಅವನು ಆರೋಗ್ಯವಾಗಿದ್ದಾನೆ. ನಾವು ರಜೆ ಮುಗಿಸಿ ಪೇಟೆಗೆ ಮರಳಿದೆವು. ಆ ತಾಯಿಗೆ ಮರಳಲು ಬೇರೆ ಊರಿರಲಿಲ್ಲ. ಉಪನಯನದ ಮನೆಯಲ್ಲಿ ನಾವಿಬ್ಬರೂ ಇದನ್ನು ಎತ್ತಿರಲಿಲ್ಲ.

ಸಂಜೆಯ ಬಸ್ಸಿಗೆ ಮೊದಲು ಸುರಂಗದ ಬಾಯಿಗೆ ಹೋದೆವು. ದಂಬೆಯ ಬದಲಿಗೆ ಈಗ ಕಪ್ಪು ಪೈಪು. ತೋಟಕ್ಕೆ ಕೊಳವೆಬಾವಿಯ ನೀರು. ಈ ಸುರಂಗದ್ದು ಬೇಸಗೆಯಲ್ಲಿ ಕಿರುಬೆರಳಿನ ಗಾತ್ರಕ್ಕೆ ಇಳಿಯುತ್ತದೆ, ಮನೆಗಷ್ಟೇ ಸಾಕು. ಒಳಗೆ ಬಗ್ಗಿ ನೋಡಿದರೆ ಕತ್ತಲೆ, ತಂಪು ಗಾಳಿ, ಪಕ್ಕದ ಗೋಡೆಯಲ್ಲಿ ಪಿಕ್ಕಾಸಿನ ಗುರುತುಗಳು ಸಾಲುಸಾಲಾಗಿ. ತೋಡಿದವನ ಹೆಸರನ್ನು ಕೇಳಿಕೊಂಡು ಬಂದಿದ್ದೆವು. ಅತ್ತೆ ಎರಡು ಬಾಟಲಿ ತುಂಬಿಸಿ ಕೊಟ್ಟರು. ಪೆರ್ಲದ ಬಸ್ಸಿನಲ್ಲಿ ಒಂದನ್ನು ಕುಡಿದು ಮುಗಿಸಿದೆವು. ಇನ್ನೊಂದನ್ನು ಮಗನಿಗೆಂದು ಇಟ್ಟುಕೊಂಡೆವು.