ನೆಲವಿತ್ತ ಅರಸುಮನೆ

‘ಗುರುಗಳೇ, ಈ ಊರು ನಮ್ಮದೇ?’ ಎಂದು ವಿದ್ಯಾರ್ಥಿಯೊಬ್ಬನು ಕೇಳಿದಾಗ ನಾವು ನಿರುತ್ತರರಾದೆವು. ನಾವೂ ಹೊಟ್ಟೆಪಾಡಿಗಾಗಿ ಚೆನ್ನೈಗೆ ಬಂದವರೇ.

ರಜೆಯಲ್ಲಿ ಚಂದ್ರಗಿರಿಗೆ ಹೋಗಿ, ಅರವೀಡು ಅರಸರ ಬರಿದಾದ ಅರಮನೆಯೆದುರು ನಿಂತೆವು. 1565ರ ಸೋಲಿನ ತರುವಾಯ ವಿಜಯನಗರವನ್ನು ತೊರೆದ ಆ ಮನೆತನವು ಪೆನುಗೊಂಡೆ, ಚಂದ್ರಗಿರಿ, ವೆಲ್ಲೂರುಗಳಲ್ಲಿ ನೆಲೆಯನ್ನರಸಿತು. 1639ರಲ್ಲಿ ಚೆನ್ನೈಯ ನೆಲವನ್ನು ಆಂಗ್ಲರಿಗಿತ್ತವನು ಅವರ ಅಧೀನ ನಾಯಕನು; 1645ರಲ್ಲಿ ಮೂರನೆಯ ಶ್ರೀರಂಗರಾಯನು ಅದನ್ನು ಸ್ಥಿರಪಡಿಸಿದನು. ಮುಂದೆ ಆ ದೊರೆಗೇ ನಿಲ್ಲಲು ನೆಲವಿಲ್ಲದಾಯಿತು! ಕೆಳದಿಯ ಶಿವಪ್ಪನಾಯಕನು ಅವನಿಗೆ ಬೇಲೂರಿನಲ್ಲಿ ಆಶ್ರಯವಿತ್ತನು. ಆ ಸಿಂಹಾಸನವು ಮತ್ತೆ ತಲೆಯೆತ್ತಲಿಲ್ಲ.

ಆ ಬಾಲಕನಿಗೆ ಇಂದು ಉತ್ತರಿಸುತ್ತೇವೆ: ಮಗು, ಈ ಊರು ಕೊಟ್ಟವರಿಗೂ ಉಳಿಯಲಿಲ್ಲ, ಕೊಂಡವರಿಗೂ ಉಳಿಯಲಿಲ್ಲ. ಇಲ್ಲಿ ದುಡಿದು ಬಾಳುವವರೆಲ್ಲರದೂ ಇದು, ನಿನ್ನದೂ ಹೌದು. ಅಳುಕದೆ ಬಾಳು.